ಕೊನಿ ಗೊತ್ತಿದ್ದೂ ಯಾಕ ಓದೂದು?

"ಪ್ರೇಮ ಕಾದಂಬರಿಯೊಳಗ ಇಪ್ಪತ್ತನೇ ಪುಟಕ್ಕ ಯಾರ ಕೂಡ ಯಾರ ಲಗ್ನ ಅಂತ ತಿಳೀತೈತಿ, ಮುಂದ ಓದೂದು ಯಾಕ?" ಅಂತ ಕೇಳೀರಿ. ನಾ ದಿನಾ ಗದಗದಿಂದ ಹುಬ್ಬಳ್ಳಿಗೆ ಟ್ರೇನಿನಾಗ ಓಡಾಡಾಕಿ, ಬ್ಯಾಗಿನಾಗ ಇಂಥಾದ್ದೊಂದು ಪುಸ್ತಕ ಇದ್ದ ಇರ್ತೈತಿ. ಚೊಲೋದಿದ್ರ ಅಣ್ಣಿಗೇರಿ ದಾಟಿದ್ದೂ ಗೊತ್ತಾಗೂದಿಲ್ಲ.

ಸುಖಾಂತ ಈ ಕಾದಂಬರಿಗಳ ತಪ್ಪಲ್ರೀ, ಓದುಗರ ಜೋಡಿ ಮಾಡ್ಕೊಂಡ ಕರಾರು. ಪತ್ತೇದಾರಿ ಕತಿಯೊಳಗ ಕೊಲೆಗಾರ ಸಿಗ್ತಾನಂತ ಯಾರರ ಬೈತಾರೇನು? 1813ರಾಗ ಬಂದ, ಇಂಗ್ಲಿಷ್ ಲೇಖಕಿ ಜೇನ್ ಆಸ್ಟಿನ್‌ರ 'ಪ್ರೈಡ್ ಆ್ಯಂಡ್ ಪ್ರೆಜುಡಿಸ್' ತಗೋರಿ. ನಾಯಕಿ ಎಲಿಜಬೆತ್, ನಾಯಕ ಡಾರ್ಸಿ ಕಡೀಕೆ ಕೂಡ್ತಾರಂತ ಓದದವರಿಗೂ ಗೊತ್ತು. ಆದ್ರ ಪುಸ್ತಕದ ನಟ್ಟನಡುವ ಆಂವ ಲಗ್ನ ಆಗೂಣು ಅಂತ ಕೇಳ್ತಾನ, ಆಕಿ ಮಾರಿಗೆ ಹೊಡದ್ಹಂಗ ಒಲ್ಲೆ ಅಂತಾಳ. ಮರುದಿನ ಆಂವ ಒಂದು ಉದ್ದ ಪತ್ರ ಕೊಡ್ತಾನ. ಅದನ್ನ ಓದ್ತಾ ಓದ್ತಾ ಆಕಿಗೆ ತನ್ನ ಮ್ಯಾಲೆ ನಾಚಿಕಿ ಬರ್ತೈತಿ. ನಾ ಮತ್ತಮತ್ತ ತಗಿಯೂದು ಆ ಪುಟಗಳ ಸಲುವಾಗಿ, ಲಗ್ನದ ಸಲುವಾಗಿ ಅಲ್ಲ.

ನಮ್ಮ ಗಿರ್ಮಿಟ್ ನೋಡ್ರಿ. ಅದೇ ಚುರುಮುರಿ, ಅದೇ ಉಳ್ಳಾಗಡ್ಡಿ, ಅದೇ ಪುಟಾಣಿ ಹಿಟ್ಟು. ಆದ್ರೂ ನಿಮಗ ಒಂದ ಅಂಗಡಿ ಸೇರ್ತೈತಿ, ಬಾಜೂದ್ದು ಸೇರೂದಿಲ್ಲ.

ಹಂಗಂತ ಎಲ್ಲಾ ಚೊಲೋ ಅಂತಲ್ಲ. ಒಂದು ಫೋನ್ ಹಚ್ಚಿದ್ರ ಮುಗಿಯೂ ಜಗಳಾ ನೂರು ಪುಟ ಎಳದ್ರ ನಾನೂ ಮಡಚಿ ಇಡ್ತೀನಿ. ಹುಡುಗನ ಸೊಕ್ಕಿಗೆ ಪ್ರೀತಿ ಅಂತ ಹೆಸರಿಟ್ರಂತೂ ಸಿಟ್ಟ ಬರ್ತೈತಿ.

ಮುಂದಿನ ಸಲ ನಡುವಿಂದು ಹತ್ತು ಪುಟ ಮೊದಲ ಓದ್ರಿ. ಅವರಿಬ್ಬರ ಮಾತು ಕೇಳಬೇಕು ಅನಿಸ್ಲಿಲ್ಲಂದ್ರ ಲೈಬ್ರರಿಗೆ ತಿರುಗಿ ಕೊಟ್ಟಬಿಡ್ರಿ.