ಷೇರಿನ ಸಂಪಾದನೆ ಗೃಹಸಾಲದ ಲೆಕ್ಕಕ್ಕೆ ಬರುತ್ತದೆಯೇ?

ಪ್ರಶ್ನೆ: ನನಗೆ 36 ವರ್ಷ. ಬೆಂಗಳೂರಿನ ಬಹುರಾಷ್ಟ್ರೀಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದೇನೆ. ಕಡಿತಗಳೆಲ್ಲ ಕಳೆದು ತಿಂಗಳಿಗೆ 1,65,000 ರೂಪಾಯಿ ಕೈಗೆ ಬರುತ್ತದೆ. ಇದಲ್ಲದೆ ಅಮೆರಿಕದ ಷೇರುಪೇಟೆಯಲ್ಲಿ ನೋಂದಾಯಿತವಾಗಿರುವ ನಮ್ಮ ಮಾತೃಸಂಸ್ಥೆಯ ಷೇರುಗಳು ಆರ್‌ಎಸ್‌ಯು (ಕಂಪನಿ ತನ್ನ ಉದ್ಯೋಗಿಗಳಿಗೆ ಹಂತಹಂತವಾಗಿ ಕೊಡುವ ಷೇರು) ರೂಪದಲ್ಲಿ ಮೂರು ತಿಂಗಳಿಗೊಮ್ಮೆ ಸಿಗುತ್ತವೆ. ಕಳೆದ ವರ್ಷ ಅವುಗಳ ಬೆಲೆ ಸುಮಾರು 14 ಲಕ್ಷ ರೂಪಾಯಿ ಆಗಿತ್ತು. ಕನಕಪುರ ರಸ್ತೆಯಲ್ಲಿ ಕಟ್ಟಿ ಮುಗಿದಿರುವ 1 ಕೋಟಿ 60 ಲಕ್ಷದ ಫ್ಲ್ಯಾಟ್ ಒಂದನ್ನು ನೋಡಿದ್ದೇವೆ. 1 ಕೋಟಿ 20 ಲಕ್ಷ ಸಾಲ ಕೇಳಿದರೆ ಬ್ಯಾಂಕಿನವರು 74 ಲಕ್ಷದ ಹತ್ತಿರ ನಿಂತಿದ್ದಾರೆ. ಸಾಲದ ಏಜೆಂಟ್, ‘ನಿಮ್ಮ ಷೇರನ್ನೂ ಸಂಬಳ ಅಂತಲೇ ತೋರಿಸೋಣ ಸಾರ್’ ಎನ್ನುತ್ತಿದ್ದಾರೆ. ಸಿಯಾಟಲ್‌ನಲ್ಲಿರುವ ನನ್ನ ಭಾವಮೈದನಿಗೆ ಅಲ್ಲಿ ಆರ್‌ಎಸ್‌ಯು ಸೇರಿಸಿಯೇ ಸಾಲ ಕೊಟ್ಟರಂತೆ. ಇಲ್ಲಿ ಏಕೆ ಆಗುವುದಿಲ್ಲ? ಕಾರಿನ ಸಾಲ 4 ಲಕ್ಷ ಬಾಕಿಯಿದ್ದು ಕಂತು 18,500 ರೂಪಾಯಿ ಇದೆ. ಪತ್ನಿ ಖಾಸಗಿ ಕಾಲೇಜಿನಲ್ಲಿ ಉಪನ್ಯಾಸಕಿ, ಅವರ ಕೈಗೆ 48,000 ಬರುತ್ತದೆ. ಉಳಿತಾಯ 20 ಲಕ್ಷವಿದೆ, ಮಾರದೆ ಇಟ್ಟುಕೊಂಡಿರುವ ಷೇರುಗಳು ಇಂದಿನ ಬೆಲೆಗೆ 38 ಲಕ್ಷ ಆಗುತ್ತವೆ. ನಮಗೆ ಸ್ವಂತ ಮನೆಯಿಲ್ಲ.
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಬ್ಯಾಂಕಿನವರು 74 ಲಕ್ಷಕ್ಕೆ ಹೇಗೆ ಬಂದರು ಎಂಬುದನ್ನು ಮೊದಲು ಬಿಡಿಸಿ ನೋಡೋಣ, ಏಕೆಂದರೆ ದಾರಿ ಅದರಲ್ಲಿಯೇ ಇದೆ. ಕೈಗೆ ಬರುವ ಸಂಬಳದ ಅರ್ಧದಷ್ಟು ಮಾತ್ರ ಎಲ್ಲ ಸಾಲಗಳ ಕಂತಿಗೆ ಹೋಗಬಹುದು ಎಂದು ಅವರು ಹಿಡಿದಿದ್ದಾರೆ. ಹಾಗೆ ಸಿಗುವ 82,500 ರೂಪಾಯಿಯಲ್ಲಿ ಕಾರಿನ ಕಂತು ಕಳೆದರೆ 64,000 ಉಳಿಯುತ್ತದೆ. ಶೇ 8.5ರ ಬಡ್ಡಿ, 20 ವರ್ಷದ ಅವಧಿಗೆ ಪ್ರತಿ ಲಕ್ಷಕ್ಕೆ ಕಂತು 868 ರೂಪಾಯಿಯಾದ್ದರಿಂದ ಆ 64,000ಕ್ಕೆ ಸಿಗುವ ಸಾಲ 74 ಲಕ್ಷಕ್ಕಿಂತ ಚೂರು ಕಡಿಮೆ. ಈ ಲೆಕ್ಕದಲ್ಲಿ ನಿಮ್ಮ ಷೇರಿಗೆ ಜಾಗವೇ ಇಲ್ಲ.

ಏಕಿಲ್ಲ ಎಂಬುದು ನಿಮ್ಮ ಸಂಬಳದ ಚೀಟಿಯನ್ನು ನೋಡಿದರೆ ತಿಳಿಯುತ್ತದೆ. ಷೇರು ವೆಸ್ಟ್ ಆದ, ಅಂದರೆ ಪೂರ್ತಿಯಾಗಿ ನಿಮ್ಮದಾದ, ತಿಂಗಳ ಚೀಟಿಯನ್ನು ತೆಗೆದು ನೋಡಿ: ಗಳಿಕೆಯ ಬದಿಯಲ್ಲಿ ಮೂರೂವರೆ ಲಕ್ಷದಷ್ಟು ದೊಡ್ಡ ಮೊತ್ತವೊಂದು ‘ಆರ್‌ಎಸ್‌ಯು ಪರ್ಕ್ವಿಸಿಟ್’ (ಸಂಬಳದ ಜೊತೆ ಸಿಗುವ ಸವಲತ್ತು) ಎಂಬಂಥ ಹೆಸರಿನಲ್ಲಿ ಬಂದಿರುತ್ತದೆ, ಕಡಿತದ ಬದಿಯಲ್ಲಿ ಬೇರೊಂದು ಹೆಸರಿನಲ್ಲಿ ಅಷ್ಟೇ ಮೊತ್ತ ಹೋಗಿರುತ್ತದೆ, ಕೆಳಗಿನ ನಿವ್ವಳ ಸಂಬಳ ಮಾತ್ರ ಎಂದಿನಷ್ಟೇ ಇರುತ್ತದೆ. ಆದಾಯ ತೆರಿಗೆಯ ದೃಷ್ಟಿಯಲ್ಲಿ ವೆಸ್ಟ್ ಆದ ದಿನದ ಬೆಲೆ ಪೂರ್ತಿ ಸಂಬಳವೇ. ಆದರೆ ತೆರಿಗೆಗೆಂದು ಒಂದಷ್ಟು ಷೇರುಗಳನ್ನು ಕಂಪನಿಯೇ ಮಾರಿ, ಉಳಿದವನ್ನು ವಿದೇಶದ ಬ್ರೋಕರ್ ಖಾತೆಗೆ ಹಾಕುವುದರಿಂದ ನಿಮ್ಮ ಸಂಬಳದ ಖಾತೆಗೆ ಒಂದು ರೂಪಾಯಿಯೂ ಬಂದಿರುವುದಿಲ್ಲ. ಸಾಲದ ಅಧಿಕಾರಿ ಮುಂದಿಟ್ಟುಕೊಳ್ಳುವುದು ಆರು ತಿಂಗಳ ಖಾತೆಯ ವಿವರವನ್ನು. ಅಲ್ಲಿ ಕಾಣದ ಹಣದಿಂದ ಕಂತು ಬರುತ್ತದೆ ಎಂದು ಅವರನ್ನು ನಂಬಿಸುವುದು ಕಷ್ಟ. ಅಲ್ಲದೆ 14 ಲಕ್ಷ ಎಂಬುದು ತೆರಿಗೆಗೆ ಮುಂಚಿನ ಅಂಕಿ. ಶೇ 30ರ ಹಂತದಲ್ಲಿರುವ ನಿಮಗೆ ಸೆಸ್ ಸೇರಿ ಶೇ 31.2 ಹೋದರೆ ಉಳಿಯುವುದು 9 ಲಕ್ಷ 63 ಸಾವಿರ.

ಭಾವಮೈದನವರ ವಿಷಯ ನಿಜವಿರಬಹುದು. ಅಮೆರಿಕದಲ್ಲಿ ಬ್ಯಾಂಕುಗಳಿಂದ ಗೃಹಸಾಲಗಳನ್ನು ಕೊಂಡುಕೊಳ್ಳುವ ಫ್ರೆಡ್ಡಿ ಮ್ಯಾಕ್‌ನಂಥ ಸಂಸ್ಥೆಗಳು ಈ ಬಗೆಯ ಆದಾಯಕ್ಕೆಂದೇ ನಿಯಮ ಬರೆದಿಟ್ಟಿವೆ. ಷೇರು ಪೇಟೆಯಲ್ಲಿ ವಹಿವಾಟಾಗುತ್ತಿರಬೇಕು, ಹಿಂದೆ ಕೈಗೆ ಬಂದ ದಾಖಲೆ ಇರಬೇಕು, ಮುಂದೆಯೂ ಬರುತ್ತದೆಂದು ತೋರಬೇಕು. ಬೆಲೆಗೆ ಇಂದಿನ ದರವನ್ನಲ್ಲ, 52 ವಾರಗಳ ಸರಾಸರಿಯನ್ನು ಹಿಡಿಯಬೇಕು. ನಮ್ಮಲ್ಲಿ ರಿಸರ್ವ್ ಬ್ಯಾಂಕ್ ನಿಗದಿ ಮಾಡಿರುವುದು ಮನೆಯ ಬೆಲೆಯ ಎಷ್ಟು ಭಾಗ ಸಾಲ ಕೊಡಬಹುದು ಎಂಬುದನ್ನು: 30 ಲಕ್ಷದವರೆಗಿನ ಸಾಲಕ್ಕೆ ಶೇ 90, ಅಲ್ಲಿಂದ 75 ಲಕ್ಷದವರೆಗೆ ಶೇ 80, ಅದಕ್ಕೆ ಮೇಲ್ಪಟ್ಟರೆ ಶೇ 75. ಯಾವುದನ್ನು ಆದಾಯ ಎಂದು ಎಣಿಸಬೇಕೆಂಬುದು ಆಯಾ ಬ್ಯಾಂಕಿನ ಸ್ವಂತ ನೀತಿಗೆ ಬಿಟ್ಟದ್ದು. ಆದ್ದರಿಂದ ಒಂದು ಬ್ಯಾಂಕ್ ಇಲ್ಲವೆಂದರೆ ಇನ್ನೊಂದನ್ನು ಕೇಳುವುದರಲ್ಲಿ ತಪ್ಪಿಲ್ಲ. ಕೇಳುವಾಗ ಎರಡು ವರ್ಷದ ಫಾರ್ಮ್ 16, ಪರ್ಕ್ವಿಸಿಟ್ ವಿವರವಿರುವ 12ಬಿಎ, ಇನ್ನೂ ವೆಸ್ಟ್ ಆಗಬೇಕಿರುವ ಷೇರುಗಳ ವೇಳಾಪಟ್ಟಿ, ಬ್ರೋಕರ್ ಖಾತೆಯ ವಿವರ ಇವುಗಳನ್ನು ಒಯ್ಯಿರಿ. ಇವೆಲ್ಲಕ್ಕಿಂತ ಹೆಚ್ಚು ತೂಕ ಬರುವುದು ಷೇರು ಮಾರಿದ ಹಣ ವರ್ಷಕ್ಕೆ ಎರಡು ಮೂರು ಸಲ ನಿಮ್ಮ ಇಲ್ಲಿನ ಖಾತೆಗೆ ಬಂದಿರುವ ದಾಖಲೆಗೆ. ಆದಾಯ ತೆರಿಗೆ ರಿಟರ್ನ್‌ನ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಈ ಷೇರುಗಳನ್ನು ತೋರಿಸಿದ್ದೀರಿ ಎಂದು ಭಾವಿಸುತ್ತೇನೆ. ಬಿಟ್ಟಿದ್ದರೆ ಗೃಹಸಾಲಕ್ಕಿಂತ ಮೊದಲು ಲೆಕ್ಕಪರಿಶೋಧಕರನ್ನು ಕಾಣಿರಿ, ಕಪ್ಪುಹಣ ಕಾಯ್ದೆಯಲ್ಲಿ ಅದಕ್ಕೆ 10 ಲಕ್ಷ ರೂಪಾಯಿಯ ದಂಡವಿದೆ.

ಏಜೆಂಟರ ಮಾತನ್ನು ಮಾತ್ರ ಅಲ್ಲಿಯೇ ಬಿಟ್ಟುಬಿಡಿ. ಅರ್ಜಿಗೆ ಸಹಿ ಹಾಕುವವರು ನೀವು, ಅವರಲ್ಲ.

ಇನ್ನು ನನ್ನ ಅಭಿಪ್ರಾಯ. ಬ್ಯಾಂಕ್ ಒಪ್ಪಿದರೂ ಈ ಹಣವನ್ನು ನಂಬಿ ಮಾಸಿಕ ಕಂತನ್ನು ಹಿಗ್ಗಿಸಿಕೊಳ್ಳಬಾರದು. 2022ರ ಒಂದೇ ವರ್ಷದಲ್ಲಿ ಮೆಟಾ ಷೇರು ಶೇ 60ಕ್ಕಿಂತ ಹೆಚ್ಚು ಬಿದ್ದಿತು, ಅಮೆಜಾನ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. 2024ರ ಆಗಸ್ಟ್‌ನಲ್ಲಿ ಇಂಟೆಲ್ ಒಂದೇ ದಿನ ಕಾಲು ಭಾಗದಷ್ಟು ಕಳೆದುಕೊಂಡಿತು. ಷೇರು ಬಿದ್ದ ಕಾಲದಲ್ಲಿಯೇ ಕಂಪನಿಗಳು ಜನರನ್ನು ಮನೆಗೆ ಕಳಿಸುವುದು, ಕೆಲಸ ಹೋದ ದಿನವೇ ವೆಸ್ಟ್ ಆಗದ ಷೇರುಗಳು ಸಾಮಾನ್ಯವಾಗಿ ರದ್ದಾಗುವುದು. ಸಂಬಳ, ಷೇರು ಎರಡೂ ಒಂದೇ ಕಂಬಕ್ಕೆ ಕಟ್ಟಿರುವಾಗ ಕಂತಿನ ಹಗ್ಗವನ್ನೂ ಅದಕ್ಕೇ ಬಿಗಿಯಬಾರದು. ಮುಂಗಡಕ್ಕೆ ಮತ್ತು ಅಸಲು ತೀರಿಸಲಿಕ್ಕೆ ಈ ಹಣ ಬಹಳ ಚೆನ್ನಾಗಿ ಒದಗುತ್ತದೆ, ತಿಂಗಳ ಖರ್ಚಿಗೆ ಒದಗುವುದಿಲ್ಲ.

ಹಾಗಾದರೆ 1 ಕೋಟಿ 20 ಲಕ್ಷ ಹೇಗೆ? ನಿಮ್ಮ ಪತ್ರದಲ್ಲಿಯೇ ಉತ್ತರವಿದೆ. 4 ಲಕ್ಷ ಬಾಕಿಯಿರುವ ಕಾರಿನ ಸಾಲವನ್ನು ತೀರಿಸಿಬಿಟ್ಟರೆ 18,500ರ ಕಂತು ಬಿಡುಗಡೆಯಾಗಿ ನಿಮ್ಮ ಅರ್ಹತೆ 21 ಲಕ್ಷ ಏರುತ್ತದೆ, ಅಂದರೆ 95 ಲಕ್ಷವಾಗುತ್ತದೆ. ಪತ್ನಿಯನ್ನು ಸಹ-ಅರ್ಜಿದಾರರಾಗಿ ಸೇರಿಸಿಕೊಂಡರೆ ಅವರ ಸಂಬಳದ ಅರ್ಧ, 24,000ಕ್ಕೆ ಇನ್ನೂ 27 ಲಕ್ಷ ಸೇರುತ್ತದೆ. ಷೇರಿನ ಹೆಸರೆತ್ತದೆಯೇ ನೀವು ಕೇಳಿದ ಮೊತ್ತವನ್ನು ದಾಟಿದಂತಾಯಿತು. ಕಂತು ತಿಂಗಳಿಗೆ 1,04,139 ರೂಪಾಯಿ ಬರುತ್ತದೆ.

ನನಗೆ ಆತಂಕವಿರುವುದು ಸಾಲದ ಬಗ್ಗೆ ಅಲ್ಲ, ಕೈಯಿಂದ ಹಾಕಬೇಕಾದ ಹಣದ ಬಗ್ಗೆ. ಮುಂಗಡ 40 ಲಕ್ಷ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕವನ್ನು ರಾಜ್ಯ ಸರ್ಕಾರ 2025ರ ಆಗಸ್ಟ್ ಕೊನೆಯಿಂದ ಶೇ 1ರಿಂದ 2ಕ್ಕೆ ಏರಿಸಿರುವುದರಿಂದ ಒಟ್ಟು ಶೇ 7.6, ಅಂದರೆ 12 ಲಕ್ಷ 16 ಸಾವಿರ. ಇದಕ್ಕೆ ಬ್ಯಾಂಕ್ ಸಾಲ ಕೊಡುವುದಿಲ್ಲ. ಕಾರಿನ 4 ಲಕ್ಷ ಸೇರಿದರೆ 56 ಲಕ್ಷ ದಾಟುತ್ತದೆ. ನಿಮ್ಮಲ್ಲಿರುವುದು 58 ಲಕ್ಷ, ಅದರಲ್ಲಿಯೂ ಷೇರು ಮಾರಿದ ಲಾಭಕ್ಕೆ ತೆರಿಗೆ ಬಾಕಿ. ಗೃಹಪ್ರವೇಶದ ಮರುದಿನ ಅಡುಗೆಮನೆಯ ಕಪಾಟಿಗೆ ಹಣವಿಲ್ಲ, ಯಾರಾದರೂ ಆಸ್ಪತ್ರೆಗೆ ಸೇರಿದರೆ ಅದಕ್ಕೂ ಇಲ್ಲ. ಈ ಸ್ಥಿತಿಯಲ್ಲಿ ಮುಂದಿನ ಮೂರು ನಾಲ್ಕು ಕಂತಿನ ಷೇರುಗಳು ವೆಸ್ಟ್ ಆಗುವವರೆಗೆ ಕಾಯುವುದು, ಇಲ್ಲವೇ 15–20 ಲಕ್ಷ ಕಡಿಮೆ ಬೆಲೆಯ ಮನೆ ನೋಡುವುದು ಲೇಸು ಎನ್ನುತ್ತೇನೆ.

ಷೇರು ಮಾರುವಾಗ ಒಂದು ವಿಷಯ ನೆನಪಿರಲಿ. ವೆಸ್ಟ್ ಆದ ದಿನದ ಬೆಲೆಗೆ ನೀವು ಈಗಾಗಲೇ ತೆರಿಗೆ ಕಟ್ಟಿರುವುದರಿಂದ ಅದೇ ನಿಮ್ಮ ಕೊಂಡ ಬೆಲೆ, ಅದರ ಮೇಲಿನ ಏರಿಕೆಯಷ್ಟೇ ಲಾಭ. ಅಮೆರಿಕದಲ್ಲಿ ನೋಂದಾಯಿತವಾದ ಷೇರನ್ನು 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡಿದ್ದರೆ ಆ ಲಾಭಕ್ಕೆ ಶೇ 12.5, ಅದಕ್ಕೆ ಮುಂಚೆ ಮಾರಿದರೆ ನಿಮ್ಮ ಹಂತದ ದರ. ಹಳೆಯ ಷೇರುಗಳನ್ನು ಮಾರಿ, ಲಾಭವನ್ನಷ್ಟೇ ಅಲ್ಲದೆ ಮಾರಿ ಬಂದ ಪೂರ್ತಿ ಹಣವನ್ನು ಎರಡು ವರ್ಷದೊಳಗೆ ಮನೆ ಕೊಳ್ಳಲು ಬಳಸಿದರೆ, 54ಎಫ್ ಎಂದು ಎಲ್ಲರಿಗೂ ಪರಿಚಿತವಾಗಿರುವ ವಿನಾಯಿತಿ ಸ್ವಂತ ಮನೆಯಿಲ್ಲದ ನಿಮಗೆ ದೊರೆಯುತ್ತದೆ. ಹೊಸ ಷೇರುಗಳಿಗೆ ಇದು ಇಲ್ಲವಾದ್ದರಿಂದ ಯಾವಾಗ ಬಂದ ಷೇರುಗಳನ್ನು ಮೊದಲು ಮಾರಬೇಕೆಂದು ಲೆಕ್ಕ ಹಾಕಿಯೇ ಮುಂದುವರಿಯಿರಿ.

ಮನೆ ಕೊಂಡ ಮೇಲೆ ಬರುವ ಷೇರುಗಳಿಗೆ ನಾನು ಹೇಳುವ ದಾರಿ ಒಂದೇ: ವೆಸ್ಟ್ ಆದ ಕೂಡಲೇ ಮಾರಿ ಅಸಲಿಗೆ ಕಟ್ಟುವುದು. ಬದಲಾಗುವ ಬಡ್ಡಿದರದ ಗೃಹಸಾಲಕ್ಕೆ ಅವಧಿಪೂರ್ವ ಪಾವತಿಯ ದಂಡವಿಲ್ಲ. ವರ್ಷಕ್ಕೆ 9 ಲಕ್ಷದಲ್ಲಿ ಬರೀ 5 ಲಕ್ಷವನ್ನು ಹೀಗೆ ಕಟ್ಟಿದರೂ 20 ವರ್ಷದ ಸಾಲ ಹತ್ತೂವರೆ ವರ್ಷದಲ್ಲಿ ತೀರುತ್ತದೆ. ಷೇರು ಬಿದ್ದ ವರ್ಷ ಕಟ್ಟದಿದ್ದರೆ ಯಾರೂ ಕೇಳುವುದಿಲ್ಲ.

ಪ್ರಶ್ನೆ: ಸ್ಟಾರ್ಟಪ್ ಒಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಇಸಾಪ್ ಪತ್ರದಲ್ಲಿ ನನ್ನ ಪಾಲಿನ ಬೆಲೆ 40 ಲಕ್ಷ ಎಂದಿದೆ. ಮೈಸೂರಿನಲ್ಲಿ ಮನೆ ಕಟ್ಟಲು ಸಾಲ ಕೇಳುವಾಗ ಇದನ್ನು ತೋರಿಸಬಹುದೇ?
– ಓದುಗ, ಮೈಸೂರು

ಉತ್ತರ: ತೋರಿಸಬಹುದು, ಆದರೆ ಸಾಲದ ಅಧಿಕಾರಿ ಓದಿ ಮಡಿಸಿ ವಾಪಸು ಕೊಡುತ್ತಾರೆ. ಪೇಟೆಯಲ್ಲಿ ನೋಂದಣಿಯಾಗದ ಕಂಪನಿಯ ಷೇರನ್ನು ಬೇಕೆಂದಾಗ ಮಾರಲಾಗುವುದಿಲ್ಲ, ಪತ್ರದಲ್ಲಿರುವುದು ಕಳೆದ ಬಾರಿ ಹೂಡಿಕೆ ಬಂದಾಗ ಕಟ್ಟಿದ ಬೆಲೆ. ಅಲ್ಲದೆ ಇಸಾಪ್ ಎಂದರೆ ಷೇರಲ್ಲ, ಗೊತ್ತಾದ ಬೆಲೆಗೆ ಷೇರು ಕೊಳ್ಳುವ ಹಕ್ಕು. ಆ ಹಕ್ಕನ್ನು ಚಲಾಯಿಸಲು ನೀವೇ ಹಣ ಕಟ್ಟಬೇಕು. ಸಾಮಾನ್ಯವಾಗಿ ಆಗಲೇ ತೆರಿಗೆಯೂ ಬೀಳುತ್ತದೆ. ಸಾಲ ಮಂಜೂರಾಗಲಿ ಎಂದು ಈಗಲೇ ಹಕ್ಕು ಚಲಾಯಿಸಿ ಉಳಿತಾಯವನ್ನು ಅದರಲ್ಲಿ ಹೂಡಬೇಡಿ. ಕಂಪನಿ ಷೇರುಗಳನ್ನು ಮರುಖರೀದಿ ಮಾಡಿ ಹಣ ನಿಮ್ಮ ಖಾತೆಗೆ ಬಂದ ದಿನ ಅದನ್ನು ಮುಂಗಡವಾಗಿ ಹಿಡಿದುಕೊಂಡು ಬ್ಯಾಂಕಿಗೆ ಹೋಗಿ.