ಬಸುರಿ ತವರಿಗೆ ಹೋದರೆ ರಾಜ್ಯವೇ ಬದಲು

ಹಳ್ಳಿಯವರು ಆಶಾ ಕಾರ್ಯಕರ್ತೆಯರ ಮಾತು ಕೇಳಲ್ಲ ಅನ್ನುವವರಿದ್ದಾರೆ. ಕೇಳುತ್ತಾರೆ. ಆದರೆ ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಬೇಕು ಅನ್ನೋದು ಗೊತ್ತಿರಬೇಕು. ನಾನು ಮಹಾರಾಷ್ಟ್ರದ ಗಡಿಗೆ ಅಂಟಿದ ಬೆಳಗಾವಿ ಜಿಲ್ಲೆಯ ಅಥಣಿ ತಾಲ್ಲೂಕಿನವನು, ನಮ್ಮ ಕಡೆಯದನ್ನೇ ಹೇಳುತ್ತೇನೆ.

ನಮ್ಮಲ್ಲಿ ಹೆಣ್ಣು ಕೊಡುವಾಗ, ತರುವಾಗ ಯಾರೂ ಗಡಿ ನೋಡುವುದಿಲ್ಲ. ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಕನ್ನಡವೇ. ದೊಡ್ಡ ಕಾಯಿಲೆ ಬಂದರೆ ನಾವೂ ಮಹಾರಾಷ್ಟ್ರದ ಮಿರಜಕ್ಕೇ ಓಡುತ್ತೇವೆ, ಬೆಳಗಾವಿ ದೂರ.

ಚೊಚ್ಚಲ ಹೆರಿಗೆ ಮಾತ್ರ ತವರಲ್ಲೇ ಆಗಬೇಕು. ಕುಬಸ, ಅಂದರೆ ಸೀಮಂತ, ಮುಗಿಸಿ ಬಸುರಿಯನ್ನು ಕರೆದೊಯ್ದರೆ, ಕೂಸಿಗೆ ಕೆಲವು ತಿಂಗಳು ತುಂಬುವ ತನಕ ಇಬ್ಬರೂ ಅಲ್ಲೇ. ತವರು ಗಡಿಯಾಚೆ ಇದ್ದರೆ ಹುಟ್ಟಿದಾಗಿನ ಬಿಸಿಜಿ ಲಸಿಕೆ, 6, 10, 14ನೇ ವಾರದ ಪೆಂಟಾ ಲಸಿಕೆ, ಎಲ್ಲ ಆಚೆ ರಾಜ್ಯದಲ್ಲಿ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28, 42ನೇ ದಿನ ಮನೆಗೆ ಹೋಗಿ ಕೂಸನ್ನು ನೋಡಬೇಕಾದವಳು ಆ ಊರಿನ ಆಶಾ. ಬಸುರಿಯ ಬಿಪಿ, ರಕ್ತದ ಲೆಕ್ಕ ಇರುವುದು ಇಲ್ಲಿ ಬಸುರಿಯರಿಗೆ ಸರ್ಕಾರ ಕೊಡುವ ತಾಯಿ ಕಾರ್ಡಿನಲ್ಲಿ. ಅದು ಗಂಡನ ಮನೆಯ ಟ್ರಂಕಿನಲ್ಲೇ ಉಳಿದರೆ ಅಲ್ಲಿನವರಿಗೆ ಏನು ಗೊತ್ತಾಗಬೇಕು?

ಅದಕ್ಕೇ ಅನುಭವ ಇರುವ ಆಶಾ ಅಕ್ಕಂದಿರು ಕುಬಸದ ದಿನ ತಪ್ಪಿಸುವುದಿಲ್ಲ. ಎರಡೂ ಕಡೆಯ ಬೀಗರು ಅವತ್ತು ಒಂದೇ ಕಡೆ ಸಿಗುತ್ತಾರೆ. ಹಸಿರು ಬಳೆ ಇಡಿಸಿ, ಉಡಿ ತುಂಬಿದ ಮೇಲೆ ಹುಡುಗಿಯ ತಾಯಿಯ ಕೈಗೇ ಕಾರ್ಡು ಕೊಡುತ್ತಾರೆ. "ಯಕ್ಕಾ, ಇದನ್ನ ಬಂಗಾರದ ಜೋಡಿ ಇಡ್ರಿ. ಊರಿಗೆ ಹೋದ ಕೂಡ್ಲೆ ನಿಮ್ಮ ಆಶಾಗ ತೋರಸ್ರಿ." ಎಲ್ಲರ ಎದುರು ಹೇಳಿದ ಮಾತು, ಅಲ್ವಾ? ಮರೆಯುವುದು ಕಷ್ಟ.

ಬಾಣಂತನದ ವಿಷಯವೂ ಹಾಗೇ. ಅಂಟಿನ ಉಂಡೆ, ಅಳವಿ ಪಾಯಸ, ಸಬ್ಬಸಿಗೆ ಪಲ್ಯ, ಇವೆಲ್ಲ ಒಳ್ಳೆಯವೇ. ಕುಡಿಯಲು ನೀರು ಕಡಿಮೆ ಕೊಡುವುದು, ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಹಾಕುವುದು ಒಳ್ಳೆಯದಲ್ಲ. ಆದರೆ ಹತ್ತಾರು ಬಾಣಂತನ ಮಾಡಿದ ಅಜ್ಜಿಗೆ ಹೊರಗಿನವರು ಬಂದು "ಮೂಢನಂಬಿಕೆ" ಅಂದರೆ ಮುಗೀತು, ಆ ಮನೆಯ ಬಾಗಿಲು ಮತ್ತೆ ತೆರೆಯುವುದಿಲ್ಲ. ಅಜ್ಜಿಯ ಹೆದರಿಕೆ ಥಂಡಿಯದ್ದು, ಅದು ಸುಳ್ಳಲ್ಲ. ಹಸುಗೂಸಿಗೆ ಥಂಡಿ ನಿಜಕ್ಕೂ ಅಪಾಯ. ಹಾಗಾಗಿ ಆಶಾ ಹೇಳುವುದೇ ಬೇರೆ: "ಅಜ್ಜಿ, ಕಾಸಿದ ನೀರ ಕೊಡ್ರಿ, ಜಾಸ್ತಿ ಕೊಡ್ರಿ, ಹಾಲ ಕುಡಸೋ ಅವ್ವಗ ನೀರಡಿಕಿ ಜಾಸ್ತಿ. ಕೂಸಿಗೆ ಕೆಂಡದ ಕಾವು ಬ್ಯಾಡ, ಅವ್ವನ ಎದೀ ಮ್ಯಾಲ ಮಲಗಸ್ರಿ." ಅಜ್ಜಿ ಒಪ್ಪುತ್ತಾಳೆ.

ನನ್ನ ಆಸೆ ಇಷ್ಟೇ. ಗಡಿ ತಾಲ್ಲೂಕುಗಳಲ್ಲಿ ತಾಯಿ ಕಾರ್ಡನ್ನು ಕನ್ನಡ, ಮರಾಠಿ ಎರಡರಲ್ಲೂ ಬರೆಯಲಿ. ಬಸುರಿ ಬಸ್ಸು ಹತ್ತುವ ಮೊದಲೇ ಈ ಊರಿನ ಆಶಾ ಆ ಊರಿನ ಆಶಾಗೆ ಫೋನು ಮಾಡಲಿ.