ರಾಜಕಾರಣಿಗಳ ಆತ್ಮಕಥೆ ಮೇಲೆ ಪಿಎಚ್‌ಡಿ ಮಾಡಿದರೆ ಹೊಟ್ಟೆ ತುಂಬುತ್ತಾ?

ನೀವು ಕೇಳಿದ್ದು ಇಷ್ಟು. ಇತಿಹಾಸದಲ್ಲಿ ಎಂ.ಎ. ಮುಗಿದಿದೆ, ಊರು ಚಳ್ಳಕೆರೆ ಹತ್ತಿರ, ರಾಜಕಾರಣಿಗಳ ಆತ್ಮಕಥೆ ಮತ್ತು ಜೀವನಚರಿತ್ರೆಗಳ ಮೇಲೆ ಸಂಶೋಧನೆ ಮಾಡುವ ಆಸೆ ಇದೆ, ಅದನ್ನು ನಂಬಿ ಬದುಕಬಹುದಾ? ಜೊತೆಗೆ, ಎಂಬತ್ತು ದಾಟಿದ ನಿಮ್ಮ ಅಜ್ಜ "ಅವರು ತಮ್ಮ ಬಗ್ಗೆ ತಾವೇ ಬರ್ಕೊಂಡಿರೋ ಸುಳ್ಳು ಓದಿ ಡಾಕ್ಟರ್ ಆಗ್ತೀಯೇನೋ?" ಅಂತ ನಕ್ಕರಂತೆ.

ನಾನು ಚಿತ್ರದುರ್ಗದಲ್ಲಿ ಇತಿಹಾಸ ಪಾಠ ಮಾಡುತ್ತಾ ಇಪ್ಪತ್ತೇಳು ವರ್ಷ ಕಳೆದವನು. ನನ್ನ ಸಂಶೋಧನೆಯೂ ಇದೇ ವಿಷಯದ ಮೇಲೆ. ಮೊದಲು ಹೊಟ್ಟೆಪಾಡಿನ ಮಾತು ಮುಗಿಸಿಬಿಡೋಣ, ಅದರಲ್ಲಿ ಹೇಳೋದು ಕಡಿಮೆ.

ಆತ್ಮಕಥೆ ಓದುವವರಿಗೆ ಅಂತ ಯಾವ ಕಾಲೇಜಿನಲ್ಲೂ ಕುರ್ಚಿ ಹಾಕಿಟ್ಟಿಲ್ಲ. ನೀವು ಇತಿಹಾಸದ ಸಹಾಯಕ ಪ್ರಾಧ್ಯಾಪಕರಾಗಬೇಕು, ತರಗತಿಯಲ್ಲಿ ಹರಪ್ಪದಿಂದ ಏಕೀಕರಣದವರೆಗೆ ಎಲ್ಲವನ್ನೂ ಹೇಳಬೇಕು, ಉಳಿದ ಹೊತ್ತಿನಲ್ಲಿ ನಿಮ್ಮ ಕೆಲಸ. ಅದಕ್ಕೆ ನೆಟ್ ಅಥವಾ ಕೆಸೆಟ್ ಅನ್ನುವ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಜೆಆರ್‌ಎಫ್ ಅನ್ನುವ ಸಂಶೋಧನಾ ಶಿಷ್ಯವೇತನ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಪಿಎಚ್‌ಡಿಗೆ ಕಡಿಮೆ ಅಂದರೂ ಮೂರು ವರ್ಷ, ಸಾಮಾನ್ಯವಾಗಿ ಆರರವರೆಗೆ ಎಳೆಯುತ್ತದೆ. ಕಾಯಂ ಆದರೆ ಮೂಲ ವೇತನ 57,700ರಿಂದ ಶುರು. ಆಗೋವರೆಗೆ ಅತಿಥಿ ಉಪನ್ಯಾಸಕರು. ಹತ್ತು ವರ್ಷ ಅದೇ ಮನೆಯಲ್ಲಿ ಉಂಡರೂ ಅತಿಥಿಗಳೇ. ನಾನೂ ಹಾಗೆ ಇದ್ದವನು, ವಾರಕ್ಕೆ ಮೂರು ದಿನ ದುರ್ಗದಿಂದ ದಾವಣಗೆರೆಗೆ ಬಸ್ಸಲ್ಲಿ ನಿಂತುಕೊಂಡೇ ಹೋಗಿ ಬರುತ್ತಿದ್ದೆ. ಮನೆಯಲ್ಲಿ ಇನ್ನೊಂದು ಆದಾಯ ಇದ್ದರೆ ಧೈರ್ಯ ಮಾಡಿ. ಇಲ್ಲದಿದ್ದರೆ ಬಿ.ಎಡ್. ಕೂಡ ಮಾಡಿಟ್ಟುಕೊಳ್ಳಿ, ಅದರಲ್ಲಿ ನಾಚಿಕೆ ಏನಿಲ್ಲ.

ಈಗ ಅಜ್ಜನ ಮಾತಿಗೆ ಬರೋಣ. ಅವರು ಹೇಳಿದ್ದು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲಿನಲ್ಲೇ ನಮ್ಮ ಕೆಲಸ ಇರೋದು.

1939ರ ತುರುವನೂರು ಸತ್ಯಾಗ್ರಹ ನಿಮಗೆ ಗೊತ್ತೇ ಇರುತ್ತೆ, ನಿಮ್ಮ ಊರಿಂದ ಏನು ಮಹಾ ದೂರ. ಈಚಲಿಂದ ಹೆಂಡ, ಹೆಂಡದಿಂದ ಮೈಸೂರು ಸಂಸ್ಥಾನಕ್ಕೆ ಅಬಕಾರಿ ದುಡ್ಡು. ಆ ಈಚಲು ಮರಗಳನ್ನು ಕಡಿದು ಕಾಂಗ್ರೆಸ್ಸಿನವರು ಅರಣ್ಯ ಕಾನೂನು ಮುರಿದರು. ದುರ್ಗದಲ್ಲಿ ವಕೀಲಿಕೆ ಮಾಡುತ್ತಿದ್ದ, ಮುಂದೆ ಮುಖ್ಯಮಂತ್ರಿಯಾದ ನಿಜಲಿಂಗಪ್ಪನವರೂ ಆಗ ಜೈಲಿಗೆ ಹೋದರು. ನಾನು ತೊಂಬತ್ತರ ದಶಕದಲ್ಲಿ ಸಂಶೋಧನೆಗೆ ಸೇರಿದಾಗ ದಾವಣಗೆರೆ ವಿಶ್ವವಿದ್ಯಾಲಯ ಇನ್ನೂ ಇರಲಿಲ್ಲ, ಅದು ಬಂದದ್ದು 2009ರಲ್ಲಿ. ನಮಗೆಲ್ಲ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವೇ ಗತಿ. ಅಲ್ಲಿಂದ ಬಂದು ಆ ಸುತ್ತಿನ ಹಳ್ಳಿಗಳಲ್ಲಿ ಹೋರಾಟಗಾರರು ಬರೆದಿಟ್ಟ ಕಾಗದ ಏನಾದರೂ ಇದೆಯಾ ಅಂತ ಮನೆ ಮನೆ ಸುತ್ತುತ್ತಿದ್ದೆ.

ಒಂದು ಮನೆಯಲ್ಲಿ ಸೊಸೆ ಅಟ್ಟ ಹತ್ತಿ ಒಂದು ಟ್ರಂಕು ಇಳಿಸಿದರು. ಇನ್ನೂರು ಪುಟದ ನೋಟ್‌ಬುಕ್ಕು, ನೀಲಿ ಇಂಕು, ಮುಂದಿನ ಪುಟದಲ್ಲಿ ಓಂ. ಸೆರಗಿನಿಂದ ಧೂಳು ಒರೆಸಿ ಕೊಟ್ಟು, "ಮಾವಾರು ಯಾರಿಗೂ ಮುಟ್ಟಾಕೆ ಬಿಡ್ತಿರಲಿಲ್ಲ ಸಾರ್, ನೀವು ಇಲ್ಲೇ ಕುಂತು ಓದ್ರಿ" ಅಂದರು. ಓದಿದೆ. ಮೊದಲ ಕೊಡಲಿ ಏಟು ತನ್ನದೇ ಅಂತ ಆ ಮನೆಯ ಅಜ್ಜಾರು ಬರೆದಿದ್ದರು. ಖುಷಿಯಾಗಿ ಎದ್ದು ಬಂದೆ. ಮುಂದಿನ ಹಳ್ಳಿಯಲ್ಲಿ ಇನ್ನೊಬ್ಬರ ಬರಹ ಸಿಕ್ಕಿತು, ಅದರಲ್ಲೂ ಮೊದಲ ಏಟು ಅವರದೇ. ತಿಂಗಳು ಮುಗಿಯುವಷ್ಟರಲ್ಲಿ ನನ್ನ ಹತ್ತಿರ ಐದು ಮೊದಲ ಏಟುಗಳಿದ್ದವು.

ಇದನ್ನು ನಗುತ್ತಾ ನನ್ನ ಗೈಡ್ ಹತ್ತಿರ ಹೇಳಿದೆ. ಅವರು ನಗಲಿಲ್ಲ. "ಯಾವ ವರ್ಷ ಬರೆದದ್ದು?" ಅಂದರು. ನಾನು "1939ರದ್ದು ಸರ್" ಅಂದೆ. "ಅದು ನಡೆದ ವರ್ಷ ಕಣಯ್ಯಾ. ಬರೆದದ್ದು ಯಾವಾಗ?"

ಅದನ್ನು ನಾನು ನೋಡಿಯೇ ಇರಲಿಲ್ಲ. ಮತ್ತೆ ಬಸ್ಸು ಹತ್ತಿ ಐದೂ ಮನೆಗೆ ಹೋದೆ. ಐದೂ 1972ರ ನಂತರದವು. ಸ್ವಾತಂತ್ರ್ಯ ಬಂದು ಇಪ್ಪತ್ತೈದು ವರ್ಷ ಆದ ಆಗಸ್ಟ್ 15ಕ್ಕೆ ಕೇಂದ್ರ ಸರ್ಕಾರ ಹೋರಾಟಗಾರರಿಗೆ ಪಿಂಚಣಿ ಶುರು ಮಾಡಿತ್ತು, ತಾಮ್ರಪತ್ರ ಕೊಟ್ಟದ್ದೂ ಆಗಲೇ. ಪಿಂಚಣಿಗೆ ಕಡಿಮೆ ಅಂದರೂ ಆರು ತಿಂಗಳು ಜೈಲಿನಲ್ಲಿ ಇದ್ದಿರಬೇಕಿತ್ತು. ದಾಖಲೆ ಸಿಗದಿದ್ದರೆ ಜೊತೆಗಿದ್ದ ಕೈದಿಯಿಂದ ಸರ್ಟಿಫಿಕೇಟ್ ತರಬೇಕು. ಆ ಕಣ್ಣಿನಿಂದ ಮತ್ತೆ ಓದಿದರೆ ನೋಟ್‌ಬುಕ್ಕು ಬೇರೆಯೇ ಕಾಣಿಸಿತು. ಬಂಧನದ ತಾರೀಖು, ಜೈಲಿನ ಹೆಸರು, ಎಷ್ಟು ದಿನ, ಪಕ್ಕದಲ್ಲಿ ಯಾರ್ಯಾರು ಮಲಗುತ್ತಿದ್ದರು, ಎಲ್ಲಾ ಸಾಲಾಗಿ. ಅಜ್ಜಾರು ಆತ್ಮಕಥೆ ಅಂದುಕೊಂಡು ಅರ್ಜಿಯನ್ನೇ ಉದ್ದಕ್ಕೆ ಬರೆದಿದ್ದರು.

ಒಂದು ಕಡೆ ಜೈಲಿನಲ್ಲಿದ್ದ ತಿಂಗಳ ಲೆಕ್ಕದಲ್ಲಿ 4 ಅನ್ನುವ ಅಂಕಿಯ ಮೇಲೆ 6 ತಿದ್ದಿತ್ತು. ಇಂಕು ಬೇರೆ, ಕೈಬರಹ ಅವರದ್ದೇ. ಬೆಂಗಳೂರಿನ ರಾಜ್ಯ ಪತ್ರಾಗಾರದ ಒಂದು ಕಡತದಲ್ಲಿ ಆಮೇಲೆ ಅದೇ ಹೆಸರು ಸಿಕ್ಕಿತು, ಅಲ್ಲಿ ನಾಲ್ಕೇ ಇತ್ತು. ನನಗೆ ಮೂರು ದಿನ ನಿದ್ದೆ ಸರಿಯಾಗಿ ಬರಲಿಲ್ಲ. ಆ ಮನೆಯಲ್ಲಿ ಕಾಫಿ ಕುಡಿದಿದ್ದೆ, ರೊಟ್ಟಿ ತಿಂದಿದ್ದೆ. ಅವರಿಗಿದ್ದದ್ದು ಮಳೆ ನಂಬಿದ ಎರಡು ಎಕರೆ ಶೇಂಗಾ ಹೊಲ. ಕೊನೆಗೆ ಆ ತಿದ್ದುಪಡಿಯ ಬಗ್ಗೆ ಪ್ರಬಂಧದಲ್ಲಿ ಬರೆದೆ, ಹೆಸರೂ ಊರೂ ಬಿಟ್ಟು ಬರೆದೆ. ಅದು ಸರಿಯೋ ತಪ್ಪೋ ಅಂತ ಈಗಲೂ ವಿದ್ಯಾರ್ಥಿಗಳ ಜೊತೆ ಜಗಳ ಆಗುತ್ತದೆ.

ಇನ್ನೊಂದು ವಿಷಯ. ಅಷ್ಟು ಪುಟಗಳಲ್ಲಿ ಅಜ್ಜಾರ ಹೆಂಡತಿಯ ಹೆಸರೇ ಇಲ್ಲ. "ಮನೆಯಲ್ಲಿ ಹೇಳಿ ಹೊರಟೆ" ಅಂತ ಒಂದು ಸಾಲು, ಅಷ್ಟೇ. ಸೊಸೆ ಹೇಳಿದ ಕಥೆ ಬೇರೆ. ಆ ನಾಲ್ಕು ತಿಂಗಳು ಅತ್ತೆ ಮೂಗಿನ ನತ್ತು ಅಡವಿಟ್ಟು ಮನೆ ನಡೆಸಿದರಂತೆ, ಬಿತ್ತನೆಗೆ ನವಣೆ ಕಡ ತಂದರಂತೆ. ಅದನ್ನು ನಾನು ಬರೆದುಕೊಳ್ಳೋಕೆ ಶುರು ಮಾಡಿದಾಗ, "ಇದನ್ನೂ ಬರೀತೀರಾ ಸಾರ್?" ಅಂತ ಅವರಿಗೇ ಆಶ್ಚರ್ಯ.

ದೊಡ್ಡವರ ವಿಷಯದಲ್ಲೂ ಇದೇ ಪ್ರಶ್ನೆ: ಬರೆದದ್ದು ಯಾವಾಗ? ನಿಜಲಿಂಗಪ್ಪನವರನ್ನೇ ತಗೊಳ್ಳಿ. ಅವರ ಆತ್ಮಕಥೆ ಇಂಗ್ಲಿಷಿನಲ್ಲಿ ಬಂದದ್ದು 2000ದಲ್ಲಿ, ಅದೇ ವರ್ಷ ಆಗಸ್ಟ್ 8ರಂದು ದುರ್ಗದಲ್ಲಿ ತೀರಿಕೊಂಡರು, ಆಗ ವಯಸ್ಸು 97. ಆದರೆ ಅವರು ಡೈರಿಯನ್ನೂ ಬರೆಯುತ್ತಿದ್ದರು. 1969ರ ಮಾರ್ಚ್‌ನಲ್ಲೇ, ಅಂದರೆ ಕಾಂಗ್ರೆಸ್ ಅಧ್ಯಕ್ಷರಾಗಿದ್ದಾಗ, ಇಂದಿರಾ ಗಾಂಧಿ ಪ್ರಧಾನಿಯಾಗಿ ಮುಂದುವರಿಯಲು ತಕ್ಕವರೇ ಅನ್ನುವ ಅನುಮಾನ ಅದರಲ್ಲಿ ಬರುತ್ತದೆ. ಆಗ ರಾಷ್ಟ್ರಪತಿ ಜಾಕಿರ್ ಹುಸೇನ್ ಇನ್ನೂ ಬದುಕಿದ್ದರು, ಬ್ಯಾಂಕುಗಳು ಇನ್ನೂ ಖಾಸಗಿಯಾಗಿದ್ದವು. ಜುಲೈನಲ್ಲಿ ಬ್ಯಾಂಕ್ ರಾಷ್ಟ್ರೀಕರಣ ಆಯಿತು, ಆಗಸ್ಟ್‌ನಲ್ಲಿ ರಾಷ್ಟ್ರಪತಿ ಚುನಾವಣೆಯಲ್ಲಿ ಇಂದಿರಾ ಬೆಂಬಲದ ವಿ.ವಿ. ಗಿರಿ ಗೆದ್ದರು, ನವೆಂಬರ್ 12ಕ್ಕೆ ಇಂದಿರಾ ಅವರನ್ನು ಪಕ್ಷದಿಂದ ತೆಗೆದರು. ನಂತರ ಎಲ್ಲರೂ ಹೇಳುವಾಗ ರಾಷ್ಟ್ರಪತಿ ಚುನಾವಣೆಯಿಂದಲೇ ಜಗಳ ಹುಟ್ಟಿತು ಅನ್ನುವ ಹಾಗೆ ಹೇಳುತ್ತಾರೆ. ಡೈರಿಯ ತಾರೀಖು ಬೇರೆ ಹೇಳುತ್ತದೆ. ಡೈರಿ ಬರೆಯುವವನಿಗೆ ನಾಳೆ ಏನಾಗುತ್ತೆ ಅಂತ ಗೊತ್ತಿರಲ್ಲ. ಆತ್ಮಕಥೆ ಬರೆಯುವವನಿಗೆ ಯಾರು ಗೆದ್ದರು, ಯಾರು ಸೋತರು ಎಲ್ಲಾ ಗೊತ್ತು. ನಾನು ಎರಡನೇ ವರ್ಷದವರಿಗೆ ಈ ಪಾಠ ಮಾಡಿ, ಆಮೇಲೆ ಹೆದ್ದಾರಿ ಪಕ್ಕ ಸೀಬಾರದಲ್ಲಿರುವ ಅವರ ಸ್ಮಾರಕಕ್ಕೆ ಕರೆದುಕೊಂಡು ಹೋಗುತ್ತೇನೆ. ಹುಡುಗರಿಗೆ ಸೆಲ್ಫಿಯಲ್ಲೇ ಆಸಕ್ತಿ ಜಾಸ್ತಿ, ಇರಲಿ.

ನಮ್ಮ ಜಿಲ್ಲೆಯಲ್ಲಿ ನಿಜವಾದ ಗಣಿ ಇರೋದು ಈ 1969ರಿಂದ 72ರವರೆಗಿನ ಮೂರು ವರ್ಷಗಳಲ್ಲಿ. ಇದು ನಿಜಲಿಂಗಪ್ಪನವರ ಊರು. ಪಕ್ಷ ಒಡೆದಾಗ ಇಲ್ಲಿನ ಸಣ್ಣಪುಟ್ಟ ನಾಯಕರಲ್ಲಿ ಬಹಳ ಮಂದಿ ಅವರ ಜೊತೆ ಇದ್ದರು. 1971ರ ಲೋಕಸಭೆ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ ಮೈಸೂರು ರಾಜ್ಯದ 27ಕ್ಕೆ 27 ಸೀಟೂ ಬಾಚಿಕೊಂಡಿತು. 1972ರ ಮಾರ್ಚ್‌ನಲ್ಲಿ ಅದೇ ಪಕ್ಷದ ದೇವರಾಜ ಅರಸು ಮುಖ್ಯಮಂತ್ರಿ. ಈ ನಡುವೆ ಯಾರು ಯಾವಾಗ ಬೇಲಿ ಹಾರಿದರು? ಅಭಿನಂದನ ಗ್ರಂಥಗಳಲ್ಲಿ ಹುಡುಕಿ ನೋಡಿ. ಅರವತ್ತು ತುಂಬಿದ, ಎಪ್ಪತ್ತೈದು ತುಂಬಿದ ಪ್ರತಿ ನಾಯಕರಿಗೂ ಒಂದು ಇದ್ದೇ ಇರುತ್ತದೆ, ದಪ್ಪ ರಟ್ಟು, ಬಣ್ಣದ ಫೋಟೋ, ಹಾರ ಹಾಕಿದ ಮುಖ. 1968ರ ಕೆರೆ ಕೆಲಸದ ಬಗ್ಗೆ ನಾಲ್ಕು ಪುಟ. ಮುಂದಿನ ಪ್ಯಾರಾದಲ್ಲಿ ನೇರವಾಗಿ ಅರಸು ಕಾಲದ ಭೂಸುಧಾರಣೆ. ಮಧ್ಯದ ಹಳ್ಳವನ್ನು ಎಲ್ಲರೂ ಒಂದೇ ನೆಗೆತಕ್ಕೆ ದಾಟಿರುತ್ತಾರೆ.

ಈ ಹಳ್ಳದಲ್ಲಿ ನಾನೂ ಒಂದು ಸಲ ಬಿದ್ದೆ. ಒಬ್ಬ ಮಾಜಿ ಶಾಸಕರ ಮನೆಯವರು ಬಂದು ಅಪ್ಪಾಜಿಯ ಜೀವನಚರಿತ್ರೆ ಬರೆದುಕೊಡಿ ಮೇಷ್ಟ್ರೇ ಅಂದರು. ಮುಂಗಡ ಕೊಟ್ಟರು. ಮಗಳ ಕಾಲೇಜು ಫೀಸು ಕಟ್ಟುವ ಸಮಯ, ನಾನೂ ಒಪ್ಪಿಕೊಂಡೆ. ಆ ಮೂರು ವರ್ಷದ ಬಗ್ಗೆ ಹಳೆಯ ಪತ್ರಿಕೆ, ಸದನದ ನಡಾವಳಿ ಎಲ್ಲಾ ನೋಡಿ ಹನ್ನೊಂದು ಪುಟ ಬರೆದೆ. ಬೈಗುಳ ಏನಿರಲಿಲ್ಲ, ಇಂಥ ದಿನ ಇಲ್ಲಿದ್ದರು, ಇಂಥ ದಿನ ಅಲ್ಲಿ ಸೇರಿದರು, ಅಷ್ಟೇ. ಪುಸ್ತಕ ಅಚ್ಚಾಗಿ ಬಂದಾಗ ಆ ಹನ್ನೊಂದು ಪುಟ ಇರಲಿಲ್ಲ. ಎಡಗಡೆ ಅವರು ನಿಜಲಿಂಗಪ್ಪನವರ ಜೊತೆ ವೇದಿಕೆಯಲ್ಲಿ ಕೂತ ಫೋಟೋ, ಬಲಗಡೆ ಅರಸು ಅವರಿಗೆ ಹಾರ ಹಾಕುತ್ತಿರುವ ಫೋಟೋ. ಮಧ್ಯೆ ಹೊಲಿಗೆ ದಾರ ಮಾತ್ರ. ರಟ್ಟಿನ ಮೇಲೆ ನನ್ನ ಹೆಸರು. ಬಿಡುಗಡೆ ಸಮಾರಂಭದಲ್ಲಿ ಶಾಲು ಹೊದಿಸಿಕೊಂಡು ಸುಮ್ನೆ ಕೂತಿದ್ದೆ. ಆವತ್ತಿನಿಂದ ಒಂದು ಪಾಠ ಕಲಿತೆ: ಯಾರದೇ ಮನೆಯವರು ಬರೆಸಿದರೂ, ಹಸ್ತಪ್ರತಿಯಿಂದ ಏನೇ ತೆಗೆಯುವುದಿದ್ದರೂ ನನ್ನ ಒಪ್ಪಿಗೆ ಬೇಕು ಅಂತ ಮೊದಲೇ ಕಾಗದದ ಮೇಲೆ ಸಹಿ ಹಾಕಿಸಿಕೊಳ್ಳುತ್ತೇನೆ. ಹಾಗೆ ಕೇಳಿದ ಮೇಲೆ ಅರ್ಧ ಜನ ಮತ್ತೆ ಬರುವುದಿಲ್ಲ. ಹೋಗಲಿ ಬಿಡಿ.

ಪತ್ರಿಕೆ, ಪೊಲೀಸ್ ವರದಿ ಇವೆಲ್ಲ ಆತ್ಮಕಥೆಗಿಂತ ನಿಜ ಅಂತಲೂ ಅಂದುಕೊಳ್ಳಬೇಡಿ. ಪೊಲೀಸಿನವನಿಗೂ ಮೇಲಿನವರನ್ನು ಮೆಚ್ಚಿಸಬೇಕಿತ್ತು. ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಬೇಕು. ಕೆಲವು ಕಡೆ ಅದು ಸಲೀಸು. ದಾವಣಗೆರೆಯಲ್ಲಿ ಯಾವುದಾದರೂ ಹೋಟೆಲಲ್ಲಿ ಹಿರಿಯರ ಜೊತೆ ಕೂತರೆ ಬೆಣ್ಣೆ ದೋಸೆ ಮುಗಿಯುವುದರೊಳಗೆ ಜೆ.ಎಚ್. ಪಟೇಲರ ಮೂರು ಕಥೆ ಕಿವಿಗೆ ಬೀಳುತ್ತವೆ. 1967ರಲ್ಲಿ ಲೋಕಸಭೆಯಲ್ಲಿ ಅವರು ಕನ್ನಡದಲ್ಲಿ ಮಾತಾಡಿದ್ದಕ್ಕೆ ಸದನದ ದಾಖಲೆ ಇದೆ. ಉಳಿದ ಕಥೆಗಳಿಗೆ ದೋಸೆಯೇ ದಾಖಲೆ. ಆದರೆ ಆ ಕಥೆಗಳನ್ನೂ ಬರೆದಿಟ್ಟುಕೊಳ್ಳುತ್ತೇನೆ, ಯಾರು, ಯಾವ ವರ್ಷ, ಯಾವ ಪಕ್ಷದಲ್ಲಿದ್ದಾಗ ಹೇಳಿದರು ಅನ್ನೋದರ ಸಮೇತ.

ನೀವು ಶುರು ಮಾಡುವುದಾದರೆ ದೆಹಲಿಯ ದೊಡ್ಡ ಹೆಸರುಗಳಿಗೆ ಕೈ ಹಾಕಬೇಡಿ. ಅಲ್ಲಿನ ತೀನ್ ಮೂರ್ತಿ ಭವನದ ಗ್ರಂಥಾಲಯದಲ್ಲಿ ನಾಯಕರ ಖಾಸಗಿ ಪತ್ರಗಳ ರಾಶಿಯೇ ಇದೆ, ನಿಜ, ಆದರೆ ಅಲ್ಲಿ ತಿಂಗಳುಗಟ್ಟಲೆ ಉಳಿಯೋಕೆ ದುಡ್ಡು ಬೇಕು. ನಿಮ್ಮ ತಾಲ್ಲೂಕು, ಪಕ್ಕದ ತಾಲ್ಲೂಕುಗಳ ಅಭಿನಂದನ ಗ್ರಂಥಗಳನ್ನು ಒಟ್ಟು ಮಾಡಿ. ನಿವೃತ್ತ ಮೇಷ್ಟ್ರುಗಳ ಮನೆಯಲ್ಲಿ ಸಿಗುತ್ತವೆ, ರದ್ದಿ ಅಂಗಡಿಯಲ್ಲೂ ಸಿಗುತ್ತವೆ. ನಾನು ಒಂದನ್ನು ತೂಕಕ್ಕೆ ಕೊಂಡಿದ್ದೇನೆ. ಅಚ್ಚಾದ ವರ್ಷ, ನಿಜವಾಗಿ ಬರೆದವರು ಯಾರು, ದುಡ್ಡು ಹಾಕಿದವರು ಯಾರು, ಮುಂದೆ ಯಾವ ಚುನಾವಣೆ ಇತ್ತು, ಇಷ್ಟನ್ನು ಮೊದಲು ಬರೆದುಕೊಳ್ಳಿ. ಜೀವನದ ಕಥೆ ಆಮೇಲೆ ಓದಿದರಾಯಿತು.

ಅದಕ್ಕೂ ಮೊದಲು ಇನ್ನೊಂದು ಕೆಲಸ ಇದೆ, ಈ ಭಾನುವಾರವೇ ಮಾಡಬಹುದು. 1972ರಲ್ಲಿ ನಿಮ್ಮ ಅಜ್ಜನಿಗೆ ಮೀಸೆ ಬಂದಿತ್ತು, ಓಟೂ ಇತ್ತು. ಆ ಚುನಾವಣೆಯಲ್ಲಿ ಊರಿನವರು ಯಾರ ಕಡೆ ಇದ್ದರು, ಅವರು ಯಾರ ಕಡೆ ಇದ್ದರು ಅಂತ ಕೇಳಿ. ಮೊಬೈಲಿನಲ್ಲಿ ರೆಕಾರ್ಡ್ ಹಾಕಿ ಪಕ್ಕದಲ್ಲಿಡಿ. ಮಾತು ಶುರುವಾಗುವ ಮೊದಲು ಆವತ್ತಿನ ತಾರೀಖನ್ನು ಜೋರಾಗಿ ಹೇಳಿಬಿಡಿ. ಅಜ್ಜಿ ಇದ್ದರೆ ಅವರನ್ನೂ ಅಲ್ಲೇ ಕೂರಿಸಿಕೊಳ್ಳಿ, ಮಧ್ಯೆ ಬಾಯಿ ಹಾಕಿದರೆ ತಡೀಬೇಡಿ.